ಮಾರಬಹುದಾದ ಧ್ವನಿ, ಮಾರಲಾಗದ ಧ್ವನಿ

ಜರ್ಮನಿಯ ಊರುಗಳಲ್ಲಿ ವಾರಾಂತ್ಯಕ್ಕೆ ಹಳೆಯ ಸಾಮಾನುಗಳ ಸಂತೆ ನೆರೆಯುತ್ತದೆ. ಇಲ್ಲಿಯವರು ಅದನ್ನು ಫ್ಲೋಮಾರ್ಕ್ಟ್ ಎನ್ನುತ್ತಾರೆ. ಮನೆ ಬದಲಿಸುವಾಗ ಅಂಥದೊಂದು ಸಂತೆಯಲ್ಲಿ ನಾನು ಮಾರಿದ ವಸ್ತುಗಳಲ್ಲಿ ಜೆಂಟಲ್ ಜೈಂಟ್ ಎಂಬ ಇಂಗ್ಲಿಷ್ ತಂಡದ ‘ಪ್ಲೇಯಿಂಗ್ ದಿ ಫೂಲ್’ ಕ್ಯಾಸೆಟ್ಟೂ ಒಂದು. ಪ್ರೊಗ್ರೆಸಿವ್ ರಾಕ್ ಸಂಗೀತದ ಈ ನೇರ ಕಛೇರಿಗಳು 1976ರಲ್ಲಿ ಡ್ಯುಸೆಲ್ಡಾರ್ಫ್, ಮ್ಯೂನಿಕ್, ಪ್ಯಾರಿಸ್ ಮತ್ತು ಬ್ರಸೆಲ್ಸ್‌ಗಳಲ್ಲಿ ಮುದ್ರಿತವಾದವು. ಧ್ವನಿಸುರುಳಿ ಹೊರಬಂದದ್ದು 1977ರಲ್ಲಿ. ಇಷ್ಟು ವರ್ಷ ಜೋಪಾನ ಮಾಡಿದ್ದನ್ನು ಮಾರುವುದೇ ಎಂದು ಊರಿನ ಬಂಧುಗಳು ಕೇಳಿದರು. ಅವರಿಗೂ, ಇತ್ತ ಬರಲು ಪೆಟ್ಟಿಗೆ ಕಟ್ಟುತ್ತಿರುವ ಕಿರಿಯರಿಗೂ ಈ ಮಾತು.

ಕೊಡುವ ಮುನ್ನ ಅದನ್ನು ಮತ್ತೊಮ್ಮೆ ಪೂರ್ತಿಯಾಗಿ ಕೇಳಿದೆ. ಸ್ಟುಡಿಯೊದಲ್ಲಿ ಒಂದು ರೀತಿ ನುಡಿಸಿದ್ದನ್ನು ಆ ಕಲಾವಿದರು ವೇದಿಕೆಯ ಮೇಲೆ ಬಿಚ್ಚಿ ಬೇರೊಂದು ರೀತಿ ಜೋಡಿಸುತ್ತಾರೆ. ನಡುವೆ ಎರಡು ಗಿಟಾರುಗಳ ಸಂವಾದ, ಅನಂತರ ಕೊಳಲಿನಂಥ ರೆಕಾರ್ಡರುಗಳ ಮೇಳ. ಒಂದೇ ಕೃತಿ ಸಂಜೆಯಿಂದ ಸಂಜೆಗೆ ಬೇರೆಯಾಗುವ ನಮ್ಮ ಕಛೇರಿಗಳನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಸುರುಳಿಯಲ್ಲಿ ಮೇಲಿನ ಸ್ವರಗಳು ಮಸುಕಾಗಿದ್ದವು. ಆದರೆ ಅದೇ ಸಂಗೀತ ಶುದ್ಧವಾದ ಡಿಜಿಟಲ್ ರೂಪದಲ್ಲಿ ಇಂದಿಗೂ ದೊರೆಯುತ್ತದೆ. ಕೊಂಡವರು ಸಂತೋಷದಿಂದ ಕೊಂಡರು, ನನಗೂ ನಷ್ಟವಾಗಲಿಲ್ಲ.

ವೈದ್ಯವೃತ್ತಿಯಲ್ಲಿ ನಮಗೊಂದು ವಿವೇಕ ಅಭ್ಯಾಸವಾಗಿರುತ್ತದೆ. ರಕ್ತದ ಮಾದರಿ ಹಾಳಾದರೆ ಸಾಮಾನ್ಯವಾಗಿ ಮತ್ತೊಮ್ಮೆ ತೆಗೆಯಬಹುದು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಂಟು ಕಳೆದುಹೋದರೆ ಅದನ್ನು ಮತ್ತೆ ತೆಗೆಯಲಾಗದು. ಮನೆಯ ಸುರುಳಿಗಳನ್ನೂ ಹೀಗೆಯೇ ವಿಂಗಡಿಸಬೇಕೆಂಬುದು ನನ್ನ ಅಭಿಪ್ರಾಯ. ಸಾವಿರಾರು ಪ್ರತಿಗಳಲ್ಲಿ ಮುದ್ರಿತವಾದದ್ದನ್ನು ನಿಶ್ಚಿಂತೆಯಿಂದ ಮಾರಿರಿ. ಅಜ್ಜಿಯ ಸೋಬಾನೆ ಪದ, ತಂದೆಯವರು ಓದಿದ ಗಮಕ, ದೂರದೇಶದಲ್ಲಿದ್ದ ಮಗನಿಗೆಂದು ತಾಯಿ ಮಾತನಾಡಿ ಅಂಚೆಯಲ್ಲಿ ಕಳುಹಿಸಿದ ಕ್ಯಾಸೆಟ್ಟು, ಇವುಗಳಿಗೆ ಎರಡನೆಯ ಪ್ರತಿಯಿಲ್ಲ.

ಈ ತಂತ್ರಜ್ಞಾನದ ತವರು ಜರ್ಮನಿಯೇ. ಕಾಗದಕ್ಕೆ ಕಬ್ಬಿಣದ ಪುಡಿ ಅಂಟಿಸಿ ಧ್ವನಿ ಹಿಡಿಯುವ ವಿಧಾನಕ್ಕೆ ಫ್ರಿಟ್ಸ್ ಫ್ಲಾಯ್ಮರ್ 1928ರಲ್ಲಿ ಪೇಟೆಂಟ್ ಕೋರಿದರು. 1935ರಲ್ಲಿ ಎಇಜಿ ಸಂಸ್ಥೆ ಬರ್ಲಿನ್ನಿನಲ್ಲಿ ಮ್ಯಾಗ್ನೆಟೊಫೋನ್ ಯಂತ್ರವನ್ನು ಪ್ರದರ್ಶಿಸಿತು. ಮರುವರ್ಷ ಲುಡ್ವಿಗ್ಸ್‌ಹಾಫೆನ್ನಿನಲ್ಲಿ ಥಾಮಸ್ ಬೀಚಮ್ ನಿರ್ದೇಶನದ ವಾದ್ಯಮೇಳದ ಕಛೇರಿ ಸುರುಳಿಗೇರಿತು. ಫಿಲಿಪ್ಸ್ ಸಂಸ್ಥೆಯ ಪುಟ್ಟ ಕ್ಯಾಸೆಟ್ಟು ಮೊದಲು ಕಾಣಿಸಿಕೊಂಡದ್ದೂ 1963ರ ಬರ್ಲಿನ್ ಪ್ರದರ್ಶನದಲ್ಲಿ. ಆ ಕ್ಯಾಸೆಟ್ಟೇ 1978ರಲ್ಲಿ ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ವನ್ನು ಮೈಸೂರು ಅನಂತಸ್ವಾಮಿಯವರ ಕಂಠದಲ್ಲಿ ಕನ್ನಡಿಗರ ಮನೆಗಳಿಗೆ ತಲುಪಿಸಿತು.

ಸುರುಳಿಗೆ ಆಯುಷ್ಯವುಂಟು. ಕಾಂತೀಯ ಕಣಗಳನ್ನು ಹಿಡಿದಿಡುವ ಅಂಟು ತೇವಕ್ಕೆ ಸಡಿಲಗೊಳ್ಳಬಹುದು. ಮಲೆನಾಡಿನ ಮತ್ತು ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಬೆಳೆಯುತ್ತದೆ. ಬೂಷ್ಟು ಕಂಡ ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕದೆ ಬಲ್ಲವರಿಗೆ ಒಪ್ಪಿಸಿರಿ. ಉಳಿದವುಗಳ ಮೇಲ್ತುದಿಯ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದರೆ ಆಕಸ್ಮಿಕವಾಗಿ ಅಳಿಸಿಹೋಗುವ ಭಯವಿಲ್ಲ. ಯಂತ್ರದ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಕಂಪ್ಯೂಟರಿಗೆ ಜೋಡಿಸಿ, ವೇವ್ ಕಡತವಾಗಿ ಮುದ್ರಿಸಿಕೊಳ್ಳಿರಿ. ಒಂದು ಪ್ರತಿ ಊರಿನಲ್ಲಿರಲಿ, ಮತ್ತೊಂದು ನಿಮ್ಮೊಡನೆ ಬರಲಿ. ಯಾರ ಧ್ವನಿ, ಯಾವ ವರ್ಷ, ಯಾವ ಸಂದರ್ಭ ಎಂಬುದನ್ನು ಹಿರಿಯರಿಂದಲೇ ಕೇಳಿ ಬರೆದಿಡಿರಿ. ಸುರುಳಿ ಉಳಿದರೂ ಅದನ್ನು ಗುರುತಿಸಬಲ್ಲವರು ಉಳಿಯದಿದ್ದರೆ ಆ ಧ್ವನಿ ಅನಾಮಿಕವಾಗುತ್ತದೆ.

ವೀಸಾ, ಭಾಷಾ ಪರೀಕ್ಷೆ, ಪದವಿಯ ಮಾನ್ಯತೆ ಎಂದು ಹೊರಡುವವರ ಪಟ್ಟಿ ಉದ್ದವಾಗಿಯೇ ಇರುತ್ತದೆ. ಈ ಕೆಲಸವನ್ನೂ ಅದಕ್ಕೆ ಸೇರಿಸಿರಿ. ಒಂದು ಭಾನುವಾರದ ಮಧ್ಯಾಹ್ನ ಸಾಕು. ಮುಂದೆ ಇಲ್ಲಿ ಹುಟ್ಟುವ ನಿಮ್ಮ ಮಕ್ಕಳು ಮುತ್ತಜ್ಜಿಯ ಕನ್ನಡವನ್ನು ಕೇಳಲು ಬೇರೆ ಎಲ್ಲಿಗೂ ಹೋಗಲಾರರು.