ದಾಸ್ತಾನು ದೋಷವೋ ಆಸ್ತಿಯೋ?
ಜಪಾನಿನ ವಿಸ್ಕಿ, ಸಾಕೆ ಹಾಗೂ ಕುಂಬಳಗೋಡಿನ ಅನುಭವ

ಜ್ಞಾನಭಾರತಿಯಿಂದ ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿ ಬಿಡದಿಯ ಕಡೆಗೆ ಸಾಗುವ ಉದ್ಯಮಿಗಳಿಗೆ ಜಪಾನ್ ಎಂದೊಡನೆ ನೆನಪಾಗುವುದು ಟೊಯೋಟಾ. ಅಲ್ಲಿನ ಕಾರ್ಖಾನೆಯ ಮೂಲಕ ಈ ಭಾಗದ ಬಿಡಿಭಾಗ ತಯಾರಕರು ಕಲಿತ ಮೊದಲ ಪಾಠವೆಂದರೆ, ಗೋದಾಮಿನಲ್ಲಿ ಸುಮ್ಮನೆ ಕುಳಿತ ಸರಕು ಹಣದ ಅಪವ್ಯಯ ಎಂಬುದು. ಆದರೆ ಅದೇ ಜಪಾನಿನ ಇನ್ನೊಂದು ಉದ್ಯಮವು ಇದಕ್ಕೆ ತದ್ವಿರುದ್ಧವಾದ ಪಾಠವನ್ನು ಹೇಳುತ್ತದೆ. ವಿಸ್ಕಿ ಉದ್ಯಮದಲ್ಲಿ ದಾಸ್ತಾನೇ ಆಸ್ತಿ, ಕಾಲವೇ ಕಚ್ಚಾವಸ್ತು. ಈ ಪಾಠದ ಭಾರತೀಯ ಉದಾಹರಣೆಯು ಕೆಂಗೇರಿಯ ಆಚೆ, ಕುಂಬಳಗೋಡಿನ ಕಂಬೀಪುರದಲ್ಲಿಯೇ ಇದೆ. ಮದ್ಯಪಾನದ ಗುಣದೋಷಗಳ ಚರ್ಚೆ ಈ ಲೇಖನದ ಉದ್ದೇಶವಲ್ಲ. ಉದ್ಯಮದ ಲೆಕ್ಕಾಚಾರವಷ್ಟೇ ಇಲ್ಲಿನ ವಿಷಯ.

ಸೇಬಿನ ರಸ ಮಾರಿ ಕಾದವರು

ಹಿರೋಶಿಮಾ ಪ್ರಾಂತದ ಸಾಕೆ ತಯಾರಕರ ಮನೆತನದಲ್ಲಿ ಜನಿಸಿದ ಮಸಾತಾಕಾ ತಾಕೆತ್ಸುರು ಅವರನ್ನು 1918ರಲ್ಲಿ ಅವರ ಸಂಸ್ಥೆಯು ಸ್ಕಾಟ್ಲೆಂಡಿಗೆ ಕಳುಹಿಸಿತು. ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ಪಾಠ ಕೇಳಿ, ಭಟ್ಟಿಗಳಲ್ಲಿ ಕೈಕೆಲಸ ಕಲಿತು, ಎಲ್ಲವನ್ನೂ ಟಿಪ್ಪಣಿ ಪುಸ್ತಕದಲ್ಲಿ ದಾಖಲಿಸಿಕೊಂಡು ಅವರು 1920ರಲ್ಲಿ ಮರಳಿದರು. ಯುದ್ಧಾನಂತರದ ಆರ್ಥಿಕ ಹಿಂಜರಿತದಿಂದಾಗಿ ಕಳುಹಿಸಿದ ಸಂಸ್ಥೆಗೆ ಭಟ್ಟಿ ಕಟ್ಟಲು ಸಾಧ್ಯವಾಗಲಿಲ್ಲ. ಆ ಜ್ಞಾನವನ್ನು ಬಳಸಿಕೊಂಡವರು ಶಿಂಜಿರೊ ತೋರಿಯಿ. ಮುಂದೆ ಸನ್ಟೋರಿ ಎಂದು ಹೆಸರಾದ ಅವರ ಸಂಸ್ಥೆಯು 1923ರಲ್ಲಿ ಕ್ಯೋಟೋ ಸಮೀಪದ ಯಮಾಜಾಕಿಯಲ್ಲಿ ಭಟ್ಟಿಯನ್ನು ಆರಂಭಿಸಿತು.

ತಾಕೆತ್ಸುರು 1934ರಲ್ಲಿ ಹೊರಬಂದು ಉತ್ತರದ ಹೊಕ್ಕೈಡೊ ದ್ವೀಪದ ಯೋಯಿಚಿಯಲ್ಲಿ ಸ್ವಂತ ಸಂಸ್ಥೆಯನ್ನು ಕಟ್ಟಿದರು. ಅದರ ಹೆಸರಿನಲ್ಲಿದ್ದುದು ವಿಸ್ಕಿಯಲ್ಲ, ಹಣ್ಣಿನ ರಸ! ಪೀಪಾಯಿಯಲ್ಲಿ ವಿಸ್ಕಿ ಮಾಗುವವರೆಗೆ ಅಲ್ಲಿನ ಸೇಬಿನ ರಸವನ್ನು ಮಾರಿ ಸಂಸ್ಥೆಯನ್ನು ನಡೆಸಲಾಯಿತು. ನಿಕ್ಕಾ ಎಂಬ ಹೆಸರಿನ ಮೊದಲ ವಿಸ್ಕಿ ಮಾರುಕಟ್ಟೆಗೆ ಬಂದದ್ದು 1940ರಲ್ಲಿ. ದೀರ್ಘಾವಧಿ ಸರಕನ್ನು ತಯಾರಿಸುವವನು ನಿತ್ಯದ ನಗದಿಗೆ ಬೇರೊಂದು ದಾರಿಯನ್ನು ಇಟ್ಟುಕೊಳ್ಳಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ರುಚಿಯ ಹಿಂದಿನ ನಿರ್ಧಾರಗಳು

ಸ್ಕಾಟ್ಲೆಂಡಿನ ಭಟ್ಟಿಗಳು ಮಿಶ್ರಣಕ್ಕಾಗಿ ಪರಸ್ಪರ ವಿಸ್ಕಿಯನ್ನು ವಿನಿಮಯ ಮಾಡಿಕೊಳ್ಳುತ್ತವೆ. ಜಪಾನಿನ ಪ್ರತಿಸ್ಪರ್ಧಿಗಳ ನಡುವೆ ಆ ಪದ್ಧತಿ ಬೆಳೆಯಲಿಲ್ಲ. ಹೀಗಾಗಿ ಪ್ರತಿ ಸಂಸ್ಥೆಯೂ ಹಲವು ಬಗೆಯ ರುಚಿಗಳನ್ನು ತನ್ನ ಸೂರಿನಡಿಯಲ್ಲೇ ಸೃಷ್ಟಿಸಿಕೊಳ್ಳಬೇಕಾಯಿತು. ಯಮಾಜಾಕಿಯಲ್ಲಿ ಬೇರೆ ಬೇರೆ ಆಕಾರದ ತಾಮ್ರದ ಭಟ್ಟಿಗಳಿವೆ, ಬೇರೆ ಬೇರೆ ಮರದ ಪೀಪಾಯಿಗಳಿವೆ. ಯುದ್ಧಕಾಲದಲ್ಲಿ ಆಮದು ಪೀಪಾಯಿಗಳು ದೊರೆಯದೆ ಬಳಸಿದ ಸ್ಥಳೀಯ ಮಿಜುನಾರಾ ಓಕ್ ಮರವು ಸೋರುವ ಗುಣದ್ದಾದರೂ, ದೀರ್ಘಕಾಲ ಮಾಗಿದ ಮೇಲೆ ಶ್ರೀಗಂಧ ಮತ್ತು ಧೂಪವನ್ನು ಹೋಲುವ ಪರಿಮಳವನ್ನು ಕೊಟ್ಟಿತು. ಯೋಯಿಚಿಯದು ಕಲ್ಲಿದ್ದಲಿನ ನೇರ ಉರಿಯಲ್ಲಿ ಇಳಿಸಿದ ಗಡಸು, ಹೊಗೆವಾಸನೆಯ ವಿಸ್ಕಿ. ಅದೇ ಸಂಸ್ಥೆಯು 1969ರಲ್ಲಿ ಆರಂಭಿಸಿದ ಮಿಯಾಗಿಕ್ಯೊದಲ್ಲಿ ಆವಿಯ ಶಾಖ ಬಳಸುವುದರಿಂದ ಅಲ್ಲಿನದು ಮೃದು, ಹಣ್ಣಿನ ಸ್ವಾದದ್ದು. ಸನ್ಟೋರಿಯು 1973ರಲ್ಲಿ ಕಾಡಿನ ನಡುವೆ ಕಟ್ಟಿದ ಹಕುಶುವಿನದು ಹಗುರವಾದ, ಹಸಿರೆಲೆಯನ್ನು ನೆನಪಿಸುವ ರುಚಿ.

ಸಾಕೆಯ ಬಗೆಯೇ ಬೇರೆ. ಅದು ಭಟ್ಟಿ ಇಳಿಸಿದ ಮದ್ಯವಲ್ಲ, ಶೇ. 15-16ರಷ್ಟು ಮದ್ಯಸಾರವುಳ್ಳ, ಅಕ್ಕಿಯನ್ನು ಹುದುಗಿಸಿ ತಯಾರಿಸಿದ ಪಾನೀಯ. ಇಡ್ಲಿಯ ಹಿಟ್ಟು ರಾತ್ರಿಯಿಡೀ ಹುದುಗುವುದನ್ನು ಬಲ್ಲವರಿಗೆ ಹುದುಗುವಿಕೆ ಹೊಸದಲ್ಲ. ಆದರೆ ಸಾಕೆಯಲ್ಲಿ ಬೆಂದ ಅಕ್ಕಿಯ ಮೇಲೆ ಬೆಳೆಸುವ ಕೋಜಿ ಎಂಬ ಬೂಷ್ಟು ಪಿಷ್ಟವನ್ನು ಸಕ್ಕರೆಯಾಗಿಸುತ್ತಿರುವಾಗಲೇ ಯೀಸ್ಟ್ ಆ ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆ. ಕೋಬೆ ಬಳಿಯ ನಾಡಾದ ಗಡಸು ನೀರಿನಿಂದ ಖಡಕ್ಕಾದ ಸಾಕೆಯೂ, ಕ್ಯೋಟೋದ ಫುಶಿಮಿಯ ಮೆದು ನೀರಿನಿಂದ ಸೌಮ್ಯವಾದ ಸಾಕೆಯೂ ಬರುತ್ತವೆ.

ವರ್ತಕರು ಗಮನಿಸಬೇಕಾದುದು ಅದರ ದರ್ಜೆಯ ಪದ್ಧತಿಯನ್ನು. ಅಕ್ಕಿಯ ಹೊರಪದರವನ್ನು ಪಾಲಿಶ್ ಮಾಡಿ ಶೇ. 60 ಅಥವಾ ಅದಕ್ಕಿಂತ ಕಡಿಮೆ ಉಳಿಸಿಕೊಂಡರೆ ಗಿಂಜೊ, ಶೇ. 50 ಅಥವಾ ಕಡಿಮೆಯಾದರೆ ದಾಯ್‌ಗಿಂಜೊ. ಈ ದರ್ಜೆಗಳಲ್ಲಿ ಸೇಬು, ಬಾಳೆಹಣ್ಣುಗಳ ಪರಿಮಳ ಎದ್ದು ಕಾಣುತ್ತದೆ. ಹೊರಗಿನ ಮದ್ಯಸಾರವನ್ನು ಸೇರಿಸದೆ ಅಕ್ಕಿ, ಕೋಜಿ, ನೀರುಗಳಿಂದಷ್ಟೇ ತಯಾರಾದುದು ಜುನ್ಮಾಯ್. ಅದರಲ್ಲಿ ಅಕ್ಕಿಯ ತುಂಬುರುಚಿ ಇರುತ್ತದೆ. ಅರ್ಧದಷ್ಟು ಅಕ್ಕಿಯನ್ನು ಸವೆಸಿದ್ದಕ್ಕಾಗಿ ಗ್ರಾಹಕನು ಹೆಚ್ಚು ಬೆಲೆ ತೆರುತ್ತಾನೆ. ಏಕೆಂದರೆ ಸವೆಸಿದ ಪ್ರಮಾಣ ಸೀಸೆಯ ಮೇಲೆ ಮುದ್ರಿತವಾಗಿರುತ್ತದೆ. ಜಪಾನಿನ ಅಕ್ಕಿಯಿಂದ ಜಪಾನಿನಲ್ಲೇ ತಯಾರಾದ ಸಾಕೆಗೆ ಮಾತ್ರ 'ನಿಹೊನ್‌ಶು' ಎಂಬ ಹೆಸರು ಸಲ್ಲುವಂತೆ 2015ರಲ್ಲಿ ಭೌಗೋಳಿಕ ಸೂಚಿಕೆಯ ರಕ್ಷಣೆಯೂ ದೊರೆಯಿತು.

ಹೆಸರು ಕೆಟ್ಟ ಬಗೆ

ಸಾಕೆಯಲ್ಲಿ ಇಷ್ಟು ಕಟ್ಟುನಿಟ್ಟಾಗಿದ್ದ ದೇಶವು ವಿಸ್ಕಿಯಲ್ಲಿ ಎಡವಿತು. 1980ರ ದಶಕದ ಮೊದಲ ಭಾಗದಲ್ಲಿ ಶಿಖರ ಮುಟ್ಟಿದ ಅಲ್ಲಿನ ವಿಸ್ಕಿ ಮಾರಾಟ ನಂತರ ಎರಡು ದಶಕಗಳಿಗೂ ಹೆಚ್ಚು ಕಾಲ ಇಳಿಮುಖವಾಯಿತು, ಉತ್ಪಾದನೆಯೂ ತಗ್ಗಿತು. ಮುಂದೆ ಕೀರ್ತಿ ಬಂದಾಗ ಮಾಗಿದ ದಾಸ್ತಾನೇ ಇರಲಿಲ್ಲ. 2018ರಲ್ಲಿ ಹಕುಶು 12 ವರ್ಷ ಮತ್ತು ಹಿಬಿಕಿ 17 ವರ್ಷದ ಮಾರಾಟವನ್ನು ಸನ್ಟೋರಿ ಸ್ಥಗಿತಗೊಳಿಸಬೇಕಾಯಿತು. ಇತ್ತ ಕಾನೂನಿನಲ್ಲಿ ಮೂಲಸ್ಥಾನದ ಷರತ್ತಿಲ್ಲದ ಕಾರಣ, ಹೊರದೇಶದ ವಿಸ್ಕಿಯನ್ನು ಸಗಟಾಗಿ ತರಿಸಿ ಜಪಾನಿನ ಹೆಸರಿನಲ್ಲಿ ಮಾರುವವರಿಗೆ ಅಡ್ಡಿಯಿರಲಿಲ್ಲ.

ಕೊನೆಗೆ 2021ರಲ್ಲಿ ತಯಾರಕರ ಸಂಘವೇ ನಿಯಮ ರೂಪಿಸಿತು. ಜಪಾನಿನ ನೀರು ಬಳಸಿ, ಅಲ್ಲಿಯೇ ಹುದುಗಿಸಿ, ಭಟ್ಟಿ ಇಳಿಸಿ, ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಮಾಗಿಸಿ, ಅಲ್ಲಿಯೇ ಸೀಸೆಗೆ ತುಂಬಿದ್ದಕ್ಕೆ ಮಾತ್ರ 'ಜಪಾನಿ ವಿಸ್ಕಿ' ಎಂಬ ಹೆಸರು. ಸದಸ್ಯರಿಗೆ ಹೊಂದಿಕೊಳ್ಳಲು 2024ರ ಮಾರ್ಚ್‌ವರೆಗೆ ಕಾಲಾವಕಾಶವಿತ್ತು. ಈ ನಿಯಮವನ್ನು ಸರಕಾರ ಹೇರಲಿಲ್ಲ, ಉದ್ಯಮವೇ ತನಗೆ ತಾನು ವಿಧಿಸಿಕೊಂಡಿತು ಎಂಬುದು ಗಮನಾರ್ಹ.

ಕುಂಬಳಗೋಡಿನ ಲೆಕ್ಕ

1948ರಲ್ಲಿ ರಾಧಾಕೃಷ್ಣ ರಾವ್ ಜಗದಾಳೆಯವರು ಸ್ಥಾಪಿಸಿದ ಅಮೃತ್ ಡಿಸ್ಟಿಲರೀಸ್, ಅವರ ಪುತ್ರ ನೀಲಕಂಠ ರಾವ್ ಜಗದಾಳೆಯವರ ಕಾಲದಲ್ಲಿ 2004ರಲ್ಲಿ ತನ್ನ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಬಿಡುಗಡೆ ಮಾಡಿತು. ಅದೂ ಗ್ಲಾಸ್ಗೋ ನಗರದಲ್ಲಿ. ಭಾರತದ ಬಾರ್ಲಿಯ ಜೊತೆಗೆ ಸ್ಕಾಟ್ಲೆಂಡಿನ ಹೊಗೆಯಾಡಿಸಿದ ಬಾರ್ಲಿಯನ್ನು ಬಳಸಿದ 'ಫ್ಯೂಷನ್' ಅನ್ನು ವಿಮರ್ಶಕ ಜಿಮ್ ಮರ್ರೆ ತಮ್ಮ 2010ರ ಕೈಪಿಡಿಯಲ್ಲಿ ಜಗತ್ತಿನ ಮೂರನೆಯ ಶ್ರೇಷ್ಠ ವಿಸ್ಕಿ ಎಂದು ಗುರುತಿಸಿದರು. ರಮ್, ಬ್ರಾಂಡಿಗಳ ವಹಿವಾಟು ಈ ಸಂಸ್ಥೆಗೆ ಮೊದಲಿನಿಂದಲೂ ಇತ್ತು; ಯೋಯಿಚಿಯ ಸೇಬಿನ ರಸದ ಸ್ಥಾನ ಅವುಗಳದು ಎನ್ನಬಹುದು.

ಆದರೆ ಹವೆಯ ಲೆಕ್ಕ ಬೇರೆ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ. 2ರಷ್ಟು ಆವಿಯಾದರೆ, ಬೆಂಗಳೂರಿನಲ್ಲಿ ಶೇ. 10ಕ್ಕೂ ಮೇಲ್ಪಟ್ಟು ಆವಿಯಾಗುತ್ತದೆ. ಇದನ್ನು 'ದೇವದೂತರ ಪಾಲು' ಎನ್ನುವುದು ವಾಡಿಕೆ. ಅಮೃತ್ ತನ್ನ ದುಬಾರಿ ವಿಸ್ಕಿಗೆ 'ಗ್ರೀಡಿ ಏಂಜಲ್ಸ್', ಅಂದರೆ ಆಸೆಬುರುಕ ದೇವದೂತರು, ಎಂದೇ ಹೆಸರಿಟ್ಟಿತು. ಶೇ. 10ರ ದರದಲ್ಲಿ 200 ಲೀಟರಿನ ಪೀಪಾಯಿಯಲ್ಲಿ 4 ವರ್ಷಗಳ ನಂತರ ಉಳಿಯುವುದು ಸುಮಾರು 131 ಲೀಟರ್, 12 ವರ್ಷಗಳ ನಂತರ ಸುಮಾರು 56 ಲೀಟರ್. ಶೇ. 2ರ ದರದಲ್ಲಾದರೆ 12 ವರ್ಷಗಳ ನಂತರವೂ 157 ಲೀಟರ್ ಉಳಿಯುತ್ತದೆ. ಉದಾಹರಣೆಗೆ, ತುಂಬುವಾಗಿನ ವೆಚ್ಚ ಲೀಟರಿಗೆ 100 ರೂ. ಎಂದುಕೊಂಡರೆ, ಇಲ್ಲಿ 4 ವರ್ಷಗಳಲ್ಲಿ ಅದು ಆವಿಯ ನಷ್ಟದಿಂದಲೇ 152 ರೂ. ಆಗುತ್ತದೆ, ಶೇ. 12ರ ಚಕ್ರಬಡ್ಡಿ ಸೇರಿದರೆ ಸುಮಾರು 240 ರೂ. ಬಿಸಿಲಿನಲ್ಲಿ ವಿಸ್ಕಿ ಬೇಗ ಮಾಗುತ್ತದೆ ಎಂಬುದೊಂದೇ ಇದಕ್ಕೆ ಪರಿಹಾರ.

ಲೆಕ್ಕಪತ್ರ ಮಾನದಂಡಗಳು ಈ ವಾಸ್ತವವನ್ನು ಒಪ್ಪಿವೆ. ಉತ್ಪಾದನೆಗೆ ಅಗತ್ಯವಾದ ಸಂಗ್ರಹಣಾ ವೆಚ್ಚ ಮತ್ತು ಸಹಜ ನಷ್ಟವನ್ನು ದಾಸ್ತಾನಿನ ಮೌಲ್ಯಕ್ಕೆ ಸೇರಿಸಲು ಮಾನದಂಡ 2ರಲ್ಲಿಯೂ, ಮಾರಾಟಯೋಗ್ಯವಾಗಲು ಗಣನೀಯ ಅವಧಿ ಬೇಕಾಗುವ ಸರಕಿನ ಮೇಲಿನ ಬಡ್ಡಿಯನ್ನು ಸೇರಿಸಲು ಮಾನದಂಡ 16ರಲ್ಲಿಯೂ ಅವಕಾಶವಿದೆ. ತೆರಿಗೆಯ ಸ್ಥಿತಿ ಹಾಗಿಲ್ಲ. ಕುಡಿಯುವ ಮದ್ಯವು ಜಿಎಸ್‌ಟಿಯ ಹೊರಗಿರುವುದರಿಂದ ಸೀಸೆ, ಲೇಬಲ್, ರಟ್ಟಿನ ಪೆಟ್ಟಿಗೆ, ಯಂತ್ರಗಳ ಮೇಲೆ ತೆತ್ತ ಜಿಎಸ್‌ಟಿ ಮರಳಿ ದೊರೆಯದೆ ವೆಚ್ಚವಾಗಿಯೇ ಉಳಿಯುತ್ತದೆ.

ಆಗಬೇಕಾದುದೇನು?

ಬ್ರಿಟನ್‌ ಜೊತೆ 2025ರ ಜುಲೈನಲ್ಲಿ ಸಹಿಯಾದ ಒಪ್ಪಂದವು ಸ್ಕಾಚ್ ಮೇಲಿನ ಶೇ. 150ರ ಸುಂಕವನ್ನು ಮೊದಲು ಶೇ. 75ಕ್ಕೆ, ಹತ್ತು ವರ್ಷಗಳಲ್ಲಿ ಶೇ. 40ಕ್ಕೆ ಇಳಿಸಲು ಒಪ್ಪಿದೆ. ಸುಂಕದ ಗೋಡೆ ತಗ್ಗಿದಾಗ ಉಳಿಯುವ ರಕ್ಷಣೆ ಹೆಸರೊಂದೇ. ಕಾಕಂಬಿಯ ಮದ್ಯಸಾರವನ್ನೂ ಇಲ್ಲಿ ವಿಸ್ಕಿಯೆಂದು ಮಾರಲಾಗುತ್ತದೆ. ಐರೋಪ್ಯ ಒಕ್ಕೂಟದ ನಿಯಮದಂತೆ ಧಾನ್ಯದಿಂದ ಇಳಿಸಿ 3 ವರ್ಷ ಮಾಗಿಸದ್ದು ವಿಸ್ಕಿಯೇ ಅಲ್ಲ. ಆದ್ದರಿಂದ ಭಾರತದ ಮಾಲ್ಟ್ ತಯಾರಕರು, ಹೆಸರು ಕೆಡುವ ಮೊದಲೇ, ಧಾನ್ಯ, ಭಟ್ಟಿ, ಮಾಗಿದ ಸ್ಥಳ ಮತ್ತು ಅವಧಿಗಳನ್ನು ಸೀಸೆಯ ಮೇಲೆ ತಿಳಿಸುವ ಶಿಸ್ತನ್ನು ತಾವಾಗಿಯೇ ಪಾಲಿಸುವುದು ಲೇಸು. ಬ್ಯಾಂಕುಗಳು ಮಾಗುತ್ತಿರುವ ಸರಕನ್ನು ಮಾರಾಟವಾಗದೆ ಉಳಿದ ಸರಕಿನಂತೆ ಕಾಣದೆ, ಅದರ ಅವಧಿಗೆ ತಕ್ಕ ಸಾಲವನ್ನು ನೀಡಬೇಕು.

ಕಾಯುವುದು ಸಿರಿವಂತರ ಕೆಲಸ ಎಂಬ ಆಕ್ಷೇಪ ಬರಬಹುದು. ತಾಕೆತ್ಸುರು ಅವರ ಸೇಬಿನ ರಸ ಅದಕ್ಕೆ ಉತ್ತರ. ಈ ಮಾತು ಮದ್ಯಕ್ಕಷ್ಟೇ ಸೀಮಿತವಲ್ಲ. ಉಪ್ಪಿನಕಾಯಿ, ಬೆಲ್ಲ, ಮರಗೆಲಸ, ರೇಷ್ಮೆ, ಯಾವುದೇ ಇರಲಿ, ಸಣ್ಣ ತಯಾರಕನು ತನ್ನ ದಾಸ್ತಾನನ್ನು ಎರಡು ಪಟ್ಟಿಗಳಾಗಿ ವಿಂಗಡಿಸಿ ನೋಡಬೇಕು: ಇಟ್ಟಷ್ಟೂ ಬೆಲೆ ಕಳೆದುಕೊಳ್ಳುವ ಸರಕು ಯಾವುದು, ಇಟ್ಟಷ್ಟೂ ಬೆಲೆ ಗಳಿಸುವ ಸರಕು ಯಾವುದು? ಮೊದಲನೆಯದನ್ನು ಟೊಯೋಟಾದಂತೆ ಬೇಗ ಸಾಗಿಸಬೇಕು. ಎರಡನೆಯದನ್ನು ಯೋಯಿಚಿಯಂತೆ ಕಾಪಾಡಬೇಕು. ಎರಡಕ್ಕೂ ಒಂದೇ ಅಳತೆಗೋಲನ್ನು ಹಿಡಿಯುವುದೇ ನಷ್ಟದ ಮೂಲ.