ಭಾಷಣ ಸ್ಪರ್ಧೆಯಲ್ಲಿ ಪ್ರಶ್ನೆಗೂ ಅಂಕವಿರಲಿ



ಶ್ರಾವಣ ಮಾಸ ಹತ್ತಿರ ಬಂದಿದೆ. ಮಠಗಳಲ್ಲಿ ಪ್ರವಚನದ ಪೆಂಡಾಲು ಏಳುವ ಹೊತ್ತಿಗೇ ಸುತ್ತಲಿನ ಪ್ರೌಢಶಾಲೆಗಳಿಗೆ ಭಾಷಣ ಸ್ಪರ್ಧೆಯ ಪತ್ರವೂ ಹೋಗುತ್ತದೆ. ವಿಷಯ ಬಹುತೇಕ ಅವೇ: ಕಲ್ಯಾಣ ಕ್ರಾಂತಿ, ಅನುಭವ ಮಂಟಪ, ಅಕ್ಕಮಹಾದೇವಿ. ಮಕ್ಕಳು ಮೈಕಿನ ಮುಂದೆ ನಿಂತು ಶರಣರ ಹೆಸರು ಹೇಳುವುದನ್ನು ಕೇಳುವುದೇ ಒಂದು ಸಂತೋಷ. ಈ ಸ್ಪರ್ಧೆಗಳನ್ನು ನಡೆಸುವ ಪೂಜ್ಯರಿಗೂ ಖರ್ಚು ಹೊರುವ ದಾಸೋಹಿಗಳಿಗೂ ಶರಣು ಹೇಳಿಯೇ ಮುಂದಿನ ಮಾತು ಬರೆಯುತ್ತಿದ್ದೇನೆ.

ಇದನ್ನು ನಾವು ಇತಿಹಾಸದ ಭಾಷಣ ಸ್ಪರ್ಧೆ ಎಂದು ಕರೆಯುತ್ತೇವೆ. ಆದರೆ ಅಲ್ಲಿ ಇತಿಹಾಸ ಇರುವುದು ಕಡಿಮೆ. ಮಾಸ್ತರರು ಬರೆದುಕೊಟ್ಟ ಎರಡು ಪುಟ, ಮಗು ಬಾಯಿಪಾಠ ಮಾಡಿದ ಐದು ನಿಮಿಷ, ಕೊನೆಗೊಂದು ಚಪ್ಪಾಳೆ. ಅನುಭವ ಮಂಟಪ ಜಗತ್ತಿನ ಮೊದಲ ಸಂಸತ್ತು ಎಂಬ ಮಾತು ಪ್ರತಿ ಭಾಷಣದಲ್ಲೂ ಬರುತ್ತದೆ. ಅಲ್ಲಿ ಯಾರು ಯಾರೊಡನೆ ಏನು ಚರ್ಚಿಸಿದರು, ಅದು ನಮಗೆ ಯಾವ ಗ್ರಂಥದಿಂದ ತಿಳಿದುಬಂತು ಎಂದು ಕೇಳಿದರೆ ಮಗುವಷ್ಟೇ ಅಲ್ಲ, ಭಾಷಣ ಬರೆದುಕೊಟ್ಟವರೂ ತಡವರಿಸುತ್ತಾರೆ.

ಕೆಲವು ವರ್ಷಗಳ ಹಿಂದೆ ಒಂದು ಮಠದ ಸ್ಪರ್ಧೆಗೆ ಮೂವರು ನಿರ್ಣಾಯಕರಲ್ಲಿ ಒಬ್ಬನಾಗಿ ಹೋಗಿದ್ದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೈಯಲ್ಲಿ ಚೀಟಿ ಹಿಡಿದು ಬಂದಳು. ಹರಳಯ್ಯ ಮತ್ತು ಮಧುವರಸರ ಮಕ್ಕಳ ಮದುವೆಯ ಕಥೆ ಹೇಳಿ, 'ಈ ಮದುವೆಯ ವಿಷಯ ಆ ಕಾಲದ ಶಾಸನದಲ್ಲಿ ಇಲ್ಲವಂತೆ. ಹಾಗಾದರೆ ನಮಗೆ ಹೇಗೆ ಗೊತ್ತಾಯಿತು?' ಎಂದು ತಾನೇ ಕೇಳಿಕೊಂಡಳು. ಸಭೆಯಲ್ಲಿ ಗುಜುಗುಜು ಎದ್ದಿತು. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, 'ಮಠದೊಳಗೆ ಬಂದು ಇಂಥಾ ಮಾತೇನವ್ವಾ' ಎಂದರು. ಹುಡುಗಿ ಗಾಬರಿಯಾಗಿ ಬೇಗ ಮುಗಿಸಿ ಇಳಿದಳು. ನಾನು ಆಕೆಗೆ ಮೊದಲ ಸ್ಥಾನದ ಅಂಕ ಹಾಕಿದ್ದೆ. ಚೀಟಿ ನೋಡಿದಳು, ವಿಷಯ ಬಿಟ್ಟಳು ಎಂದು ಉಳಿದಿಬ್ಬರು ಅಂಕ ಕಳೆದರು. ಬಹುಮಾನ ಬರಲಿಲ್ಲ.

ಆ ದಿನ ವೇದಿಕೆಯ ಮೇಲೆ ಇತಿಹಾಸ ಮಾತಾಡಿದವಳು ಆಕೆ ಒಬ್ಬಳೇ. ಆಕೆಯ ಪ್ರಶ್ನೆಗೆ ಉತ್ತರವಿದೆ, ಅದು ನಮ್ಮ ಪರಂಪರೆಯನ್ನು ಸಣ್ಣದು ಮಾಡುವ ಉತ್ತರವೂ ಅಲ್ಲ. ಬಿಜ್ಜಳನ ಕಾಲದ ಶಾಸನಗಳು ಹಲವು ಸಿಕ್ಕಿವೆ. ಆದರೆ ಬಸವಣ್ಣನವರ ವಂಶದ ವಿಷಯ ಹೇಳುವ, ನಮ್ಮ ಸಂಶೋಧಕರು ಬಹಳ ಮುಖ್ಯವೆಂದು ಎಣಿಸುವ ಶಾಸನ ಹುಕ್ಕೇರಿ ತಾಲೂಕಿನ ಅರ್ಜುನವಾಡದ್ದು, 1260ರದು. ಕಲ್ಯಾಣದ ಘಟನೆಗಳಾಗಿ ಸುಮಾರು ತೊಂಬತ್ತು ವರ್ಷವಾದ ಮೇಲಿನದು. ಹರಿಹರನ ರಗಳೆ, ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ, 1369ರಲ್ಲಿ ಭೀಮಕವಿ ಬರೆದ ಕನ್ನಡ ಬಸವಪುರಾಣ, ಹದಿನೈದನೇ ಶತಮಾನದ ಶೂನ್ಯಸಂಪಾದನೆ, ಹೀಗೆ ಒಂದೊಂದು ತಲೆಮಾರು ಶರಣರನ್ನು ತನ್ನ ಕಣ್ಣಿನಿಂದ ನೋಡಿ ಬರೆದಿದೆ. ಯಾವ ಮಾತು ಯಾವ ಕಾಲದ್ದು ಎಂದು ಬಿಡಿಸಿ ಹೇಳಲು ಹತ್ತನೆಯ ತರಗತಿಯ ಮಗುವಿಗೆ ಬಂದರೆ ಆ ಮಗುವಿನ ಭಕ್ತಿಯೇನೂ ಕಡಿಮೆಯಾಗುವುದಿಲ್ಲ. ನಾಳೆ ಯಾರಾದರೂ ಕಾಲೇಜಿನಲ್ಲಿ ಕುಹಕದ ಪ್ರಶ್ನೆ ಹಾಕಿದಾಗ, ಬಾಯಿಪಾಠದವರು ಸಿಟ್ಟಾಗುತ್ತಾರೆ. ಓದಿದವರು ಉತ್ತರ ಕೊಡುತ್ತಾರೆ.

ಶಾಸನ, ಹಸ್ತಪ್ರತಿಗಳನ್ನು ಓದಿ ಈ ಬಿಡಿಸುವ ಕೆಲಸವನ್ನೇ ಜೀವನವಿಡೀ ಮಾಡಿದ ಡಾ. ಎಂ. ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಅವರ ಹೆಸರಿನಲ್ಲಿ ಸಭೆ ಮಾಡುವ ನಾವು, ಚೀಟಿ ಹಿಡಿದ ಹುಡುಗಿಯೊಬ್ಬಳ ಪ್ರಶ್ನೆಗೆ ಗುಜುಗುಜು ಎಂದರೆ ಹೇಗೆ?

ಇನ್ನೊಂದು ಮಾತು. ನಮ್ಮ ಮಕ್ಕಳ ಭಾಷಣದಲ್ಲಿ ಇತಿಹಾಸ ಹನ್ನೆರಡನೇ ಶತಮಾನಕ್ಕೇ ನಿಂತುಬಿಡುತ್ತದೆ. ಬಸವ ಜಯಂತಿಯ ದಿನ ಭಾಷಣ ಮಾಡುವ ಮಗುವಿಗೆ, ಆ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಲು 1913ರಲ್ಲಿ ದಾವಣಗೆರೆಯಲ್ಲಿ ಶುರುಮಾಡಿದವರು ಹರ್ಡೇಕರ ಮಂಜಪ್ಪನವರು ಎಂದು ಯಾರೂ ಹೇಳಿರುವುದಿಲ್ಲ. ಮನೆಮನೆಯ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ತಾಡೋಲೆ ಕಟ್ಟುಗಳನ್ನು ಬಿಚ್ಚಿ ಓದಿ, 1923ರಲ್ಲಿ ವಚನಶಾಸ್ತ್ರಸಾರ ಹೊರತಂದು, ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದ ವಿಜಯಪುರದ ವಕೀಲ ಫ. ಗು. ಹಳಕಟ್ಟಿಯವರ ಹೆಸರು ಗೊತ್ತಿದ್ದರೂ ಕೆಲಸ ಗೊತ್ತಿಲ್ಲ. ತಮ್ಮ ಆಸ್ತಿಯನ್ನು ಬಡ ವಿದ್ಯಾರ್ಥಿಗಳ ಓದಿಗೆ ಬರೆದಿಟ್ಟ ಶಿರಸಂಗಿ ಲಿಂಗರಾಜರು, ಕಂತಿಭಿಕ್ಷೆ ಮಾಡಿ ಮಕ್ಕಳಿಗೆ ಊಟ ಹಾಕಿದ ಪ್ರಸಾದ ನಿಲಯಗಳು: ಇವು ಭಾಷಣದ ವಿಷಯವಾಗಬಾರದೇ? ನಿಮ್ಮೂರ ಪ್ರಸಾದ ನಿಲಯದಲ್ಲಿ ಉಂಡು ಓದಿದ ಅಜ್ಜ ಇನ್ನೂ ಕಟ್ಟೆಯ ಮೇಲೆ ಕುಳಿತಿರುತ್ತಾರೆ. ಮಗು ಹೋಗಿ ಕೇಳಿ ಬರೆದುಕೊಳ್ಳಲಿ. ಆ ಅಜ್ಜ ಹೋದ ಮೇಲೆ ಬರೆದುಕೊಳ್ಳಲು ಯಾರೂ ಇರುವುದಿಲ್ಲ.

ಆದ್ದರಿಂದ ಪೂಜ್ಯರಲ್ಲಿ, ಸ್ಪರ್ಧೆ ನಡೆಸುವ ಬಸವ ಕೇಂದ್ರಗಳವರಲ್ಲಿ ನನ್ನ ವಿನಂತಿ ಇಷ್ಟೇ. ವಿಷಯವನ್ನು ಒಂದು ತಿಂಗಳು ಮೊದಲೇ ತಿಳಿಸಿ, ಯಾವ ಪುಸ್ತಕ ಓದಬೇಕೆಂಬುದನ್ನೂ ಹೇಳಿ. ಚೀಟಿ ನೋಡಿದರೆ ಅಂಕ ಕಳೆಯುವ ನಿಯಮ ತೆಗೆದುಬಿಡಿ. ಇಸವಿ, ಹೆಸರು ನೋಡಿ ಹೇಳುವುದು ತಪ್ಪಲ್ಲ, ತಪ್ಪು ಇಸವಿ ಹೇಳುವುದು ತಪ್ಪು. ಭಾಷಣ ಮುಗಿದ ಮೇಲೆ ನಿರ್ಣಾಯಕರು ಪ್ರೀತಿಯಿಂದ ಎರಡು ಪ್ರಶ್ನೆ ಕೇಳಲಿ, ಅರ್ಧ ಅಂಕ ಅದಕ್ಕಿರಲಿ. 'ಗೊತ್ತಿಲ್ಲ, ಓದಿ ಹೇಳುತ್ತೇನೆ' ಎಂದ ಮಗುವಿಗೂ ಅಂಕ ಕೊಡಿ. ಹಾಗೆಯೇ ಹಿತ್ತಾಳೆಯ ಫಲಕದ ಬದಲು ಪುಸ್ತಕ ಕೊಡಿ. ರಾಜ್ಯ ಸರಕಾರ 1993ರಲ್ಲಿ ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನ ಸಾಹಿತ್ಯ ಪ್ರಕಟಿಸಿದೆ. ಒಂದೊಂದು ಸಂಪುಟ ಒಂದೊಂದು ಮನೆಗೆ ಹೋದರೂ ಸಾಕು, ತಾಯಿ ತಂದೆಯೂ ಓದುತ್ತಾರೆ.

ಈ ಶ್ರಾವಣದ ಸ್ಪರ್ಧೆಗಳಲ್ಲಿ ಮಕ್ಕಳು ಮಾಡಿದ ಭಾಷಣಗಳನ್ನು ನಮಗೆ ಕಳುಹಿಸಿ. ಯಾವ ಮಾತನ್ನು ಎಲ್ಲಿ ಓದಿದೆ, ಯಾರಿಂದ ಕೇಳಿದೆ ಎಂದು ಹೇಳಿರುವ ಭಾಷಣಗಳನ್ನು ಆಯ್ದು ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ, ಬಹುಮಾನ ಬಂದಿರಲಿ, ಬಾರದಿರಲಿ.



– ಸಂಪಾದಕ