ಗಾಳಿ ಬಂದಾಗ ತೂರಿಕೊಂಡವರು ಯಾರು?

ಗಾಳಿ ಬಂದಾಗ ತೂರಿಕೊಳ್ಳಬೇಕೆಂಬುದು ಕಣದ ವಿವೇಕ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಗಾಳಿಗೆ ಬರವಿಲ್ಲ, ಬರವಿರುವುದು ಮಳೆಗೆ. ನಾಡಿನಲ್ಲಿಯೇ ಅತ್ಯಂತ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಒಂದಾದ ಇಲ್ಲಿ ಆಷಾಢದ ಮೋಡಗಳು ಹನಿಯುದುರಿಸದೆ ತೇಲಿಹೋಗುತ್ತವೆ; ಗಾಳಿ ಮಾತ್ರ ಹಗಲಿರುಳೆನ್ನದೆ ಬೀಸುತ್ತದೆ. ಆ ಗಾಳಿಯಲ್ಲಿ ಇದುವರೆಗೆ ತೂರಿಕೊಂಡವರು ಯಾರು? ಕಾಳು ಯಾರ ಪಾಲಾಯಿತು, ಹೊಟ್ಟು ಯಾರ ಕಣ್ಣಿಗೆ ಬಿತ್ತು?

ಚಿತ್ರದುರ್ಗದ ಜೋಗಿಮಟ್ಟಿಯ ಸುತ್ತಲಿನ ಗುಡ್ಡಗಳ ನೆತ್ತಿಯ ಮೇಲೆ ದೈತ್ಯ ಗಾಳಿಯಂತ್ರಗಳು ತಿರುಗುತ್ತಿವೆ. ಅವುಗಳ ರೆಕ್ಕೆಗಳು ದೂರದ ಕಾರ್ಖಾನೆಗಳಿಂದ ಉದ್ದನೆಯ ಲಾರಿಗಳಲ್ಲಿ ಬಂದವು; ಅವು ಹುಟ್ಟಿಸಿದ ವಿದ್ಯುತ್ತು ತಂತಿ ಹಿಡಿದು ದೂರಕ್ಕೆ ಹೋಯಿತು. ಬುಡದ ಹಳ್ಳಿಗಳಿಗೆ ಉಳಿದದ್ದು ಗುಡ್ಡ ಬಗೆದು ಮಾಡಿದ ರಸ್ತೆ, ಹೆಚ್ಚೆಂದರೆ ಒಂದೆರಡು ಕಾವಲುಗಾರನ ಕೆಲಸ. ಚಳ್ಳಕೆರೆಗೆ ಹೊಂದಿಕೊಂಡ ಪಾವಗಡದಲ್ಲಿ ಸುಮಾರು 13,000 ಎಕರೆ ಭೂಮಿ ಗುತ್ತಿಗೆಗೆ ಹೋಗಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನ ಎದ್ದಿತು. ಇದೆಲ್ಲವೂ ಹಸಿರು ಶಕ್ತಿಯೆಂಬುದು ನಿಜ. ಆದರೆ ಹೊಗೆಯಿಲ್ಲದ ಯಂತ್ರವೆಲ್ಲ ನ್ಯಾಯದ ಯಂತ್ರವಾಗುವುದಿಲ್ಲ.

ಇನ್ನೊಂದು ಕಥೆ ಇದಕ್ಕಿಂತ ಕಹಿಯಾದುದು. 2009–10ರ ಸುಮಾರಿಗೆ ಚಳ್ಳಕೆರೆಯ ಅಮೃತ್ ಮಹಲ್ ಕಾವಲುಗಳ ಸುಮಾರು 10,000 ಎಕರೆ ಹುಲ್ಲುಗಾವಲನ್ನು ರಕ್ಷಣಾ, ಅಣುಶಕ್ತಿ, ಬಾಹ್ಯಾಕಾಶ ಹಾಗೂ ವಿಜ್ಞಾನ ಸಂಸ್ಥೆಗಳಿಗೆ ಹಂಚಲಾಯಿತು. ದನ, ಕುರಿ ಮೇಯಿಸಿ ಬದುಕುತ್ತಿದ್ದವರು ಬೇಲಿಯ ಹೊರಗುಳಿದರು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲನ್ನೂ ಏರಿತು. 2017ರಲ್ಲಿ ಅದೇ ನೆಲದಲ್ಲಿ ಮಾನವರಹಿತ ವಿಮಾನಗಳನ್ನು ಪರೀಕ್ಷಿಸುವ ವೈಮಾನಿಕ ಪರೀಕ್ಷಾ ಕೇಂದ್ರ ಉದ್ಘಾಟನೆಗೊಂಡಿತು. ಎಂದರೆ, ಗಾಳಿಯಲ್ಲಿ ರೆಕ್ಕೆ ಹೇಗೆ ವರ್ತಿಸುತ್ತದೆಂಬ ವಿದ್ಯೆ ಚಳ್ಳಕೆರೆಯ ನೆಲಕ್ಕೆ ಬಂದಿದೆ. ಚಳ್ಳಕೆರೆಯ ಜನಕ್ಕೆ ಬಂದಿಲ್ಲ. ಬೇಲಿಯೊಳಗೆ ವಿಮಾನದ ರೆಕ್ಕೆ ಹಾರುತ್ತಿರುವಾಗ, ಬೇಲಿಯ ಹೊರಗಿನ ಬಡಗಿ ತನ್ನ ಉಳಿ ಬಾಚಿಗಳಿಗೆ ಕೆಲಸವಿಲ್ಲದೆ ಗಾರೆ ಕೆಲಸಕ್ಕೆ ಹೋಗುತ್ತಿದ್ದಾನೆ.

ಗಾಳಿಯಂತ್ರದ ರೆಕ್ಕೆಯೂ ವಿಮಾನದ ರೆಕ್ಕೆಯೂ ಒಂದೇ ತತ್ವದ ಮಕ್ಕಳು. ಒಂದು ಮೈ ಚಪ್ಪಟೆ, ಇನ್ನೊಂದು ಮೈ ಉಬ್ಬು. ಗಾಳಿಯನ್ನು ಸೀಳುವ ಮುಂಗಡೆಯ ಅಂಚು ದುಂಡಗೆ, ಹಿಂಗಡೆಯ ಅಂಚು ತೆಳ್ಳಗೆ. ಬುಡದಲ್ಲಿ ಅಗಲವೂ ಓರೆಯೂ ಹೆಚ್ಚು. ತುದಿಗೆ ಹೋದಂತೆ ಎರಡೂ ಕಡಿಮೆಯಾಗುತ್ತವೆ. ಇದನ್ನು ಮರದಲ್ಲಿ ಕೆತ್ತಲು ಗರಗಸ, ಬಾಚಿ, ಉಳಿ, ಅರ ಸಾಕು. ಕೂರಿಗೆಯ ಮೂರು ತಾಳುಗಳು ಸಮನಾಗಿ ನೆಲ ಸೀಳುವಂತೆ ಕೂಡಿಸಿದವನಿಗೆ, ಗಾಡಿಯ ಚಕ್ರವನ್ನು ಓಲಾಡದಂತೆ ಕಟ್ಟಿದವನಿಗೆ ಈ ಲೆಕ್ಕ ಹೊಸದಲ್ಲ.

ಇದು ಕನಸೂ ಅಲ್ಲ. ಅಮೆರಿಕದ ಜೇಕಬ್ಸ್ ಸೋದರರು 1920ರ ದಶಕದಿಂದಲೇ ಮರದ ರೆಕ್ಕೆಯ ಯಂತ್ರಗಳಿಂದ ಒಂಟಿ ಹೊಲಮನೆಗಳಿಗೆ ಬೆಳಕು ಕೊಟ್ಟರು. ಸ್ಕಾಟ್ಲೆಂಡಿನ ಸ್ಕೋರೇಗ್ ಎಂಬ ಮೂಲೆಯಲ್ಲಿ ನೆಲೆಸಿದ ಹ್ಯೂ ಪಿಗಟ್ ಮರದ ರೆಕ್ಕೆ ಕೆತ್ತುವ ವಿದ್ಯೆಯನ್ನು ಲೋಕಕ್ಕೆಲ್ಲ ಕಲಿಸಿದರು. ಡೆನ್ಮಾರ್ಕಿನ ಕ್ರಿಶ್ಚಿಯನ್ ರಿಸಾಗರ್ ಎಂಬ ಬಡಗಿ 1970ರ ದಶಕದಲ್ಲಿ ತನ್ನ ಹಿತ್ತಲಿನಲ್ಲಿ 22 ಕಿಲೋವ್ಯಾಟಿನ ಗಾಳಿಯಂತ್ರ ಕಟ್ಟಿದನು. ಇಂದು ನಮ್ಮ ಗುಡ್ಡಗಳನ್ನೇರಿರುವ ದೈತ್ಯರ ವಂಶವೃಕ್ಷದ ಬುಡದಲ್ಲಿ ಅಂಥ ಹಿತ್ತಲ ಬಡಗಿಗಳಿದ್ದಾರೆ. ಬಡಗಿಯಿಂದ ಹುಟ್ಟಿದ ವಿದ್ಯೆ ಬಡಗಿಯನ್ನೇ ಹೊರಗಿಟ್ಟಿರುವುದು ಎಂಥ ಪ್ರಗತಿ?

ಆಕ್ಷೇಪಗಳಿವೆ, ಅವನ್ನು ಎದುರಿಸಲೇಬೇಕು. ಮೊದಲನೆಯದು: ಮರ ಕಡಿಯಿರೆಂದು ಪರಿಸರವಾದಿಗಳೇ ಹೇಳುವುದೇ? 8 ಅಡಿ ವ್ಯಾಸದ ಯಂತ್ರಕ್ಕೆ 4 ಅಡಿ ಉದ್ದ, 6 ಅಂಗುಲ ಅಗಲ, ಒಂದೂವರೆ ಅಂಗುಲ ದಪ್ಪದ ಮೂರು ಹಲಗೆಗಳು ಬೇಕು. ಒಟ್ಟು ಮುಕ್ಕಾಲು ಘನ ಅಡಿ. ಇದಕ್ಕೆ ಕಾಡಿನ ಮರವನ್ನು ಮುಟ್ಟಬೇಕಾಗಿಲ್ಲ. ಮಲೆನಾಡಿನ ಕಾಫಿ ತೋಟದ ಸಿಲ್ವರ್ ಓಕ್, ಬಯಲುಸೀಮೆಯ ಬದುವಿನಲ್ಲಿ ಬೆಳೆಸಬಹುದಾದ ಹೆಬ್ಬೇವು ಪ್ರಯೋಗಕ್ಕೆ ತಕ್ಕವು. ಎಳೆ ನೇರವಿರಬೇಕು, ಗಂಟು ಇರಬಾರದು, ಚೆನ್ನಾಗಿ ಒಣಗಿರಬೇಕು. ಎಲ್ಲೆಲ್ಲೂ ಹಬ್ಬಿರುವ ಬಳ್ಳಾರಿ ಜಾಲಿ ಸೊಟ್ಟ, ಭಾರ, ಅದು ಆಗದು. ಕೆತ್ತಿದ ರೆಕ್ಕೆಗೆ ಅಗಸೆ ಎಣ್ಣೆ ಬಳಿದರೆ ಅದು ಒಣಗಿ ಪೊರೆಗಟ್ಟುತ್ತದೆ. ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಯಲ್ಲಿ ಸುಲಭವಾಗಿ ಸಿಗುವ ಕಡಲೆಕಾಯಿ ಎಣ್ಣೆಗೆ ಆ ಗುಣವಿಲ್ಲ.

ಎರಡನೆಯದು: ಇದೊಂದು ಆಟಿಕೆ. ಲೆಕ್ಕ ನೋಡೋಣ. ಸೆಕೆಂಡಿಗೆ 5 ಮೀಟರ್ ಗಾಳಿಯಲ್ಲಿ ಇಂಥ ಯಂತ್ರದಿಂದ 80 ವ್ಯಾಟ್ ಆಸುಪಾಸು ನಿರೀಕ್ಷಿಸಬಹುದು. ಗಾಳಿ ಇಮ್ಮಡಿಯಾದರೆ ಶಕ್ತಿ ಎಂಟು ಮಡಿಯಾಗುತ್ತದೆ, ಅರ್ಧಕ್ಕಿಳಿದರೆ ಎಂಟನೆಯ ಒಂದು ಪಾಲಾಗುತ್ತದೆ. ಇದರಿಂದ ಐದು ಅಶ್ವಶಕ್ತಿಯ ಕೊಳವೆಬಾವಿಯ ಪಂಪು ಓಡುವುದಿಲ್ಲ. ಓಡುತ್ತದೆಂದು ಹೇಳುವವನು ವಂಚಕ. ಆದರೆ ಮೊಳಕಾಲ್ಮೂರಿನ ರೇಷ್ಮೆ ನೇಕಾರನ ಮಗ್ಗದ ಮೇಲೆ ಎರಡು ದೀಪ, ಓದುವ ಮಗುವಿಗೊಂದು ದೀಪ, ಒಂದು ಫ್ಯಾನು, ಮೊಬೈಲಿನ ಚಾರ್ಜು, ಇಷ್ಟಕ್ಕೆ ಸಾಲುತ್ತದೆ. ಕರೆಂಟು ಕೈಕೊಟ್ಟ ರಾತ್ರಿ ನೇಯ್ಗೆ ನಿಂತ ಮನೆಗೆ ಇದು ಆಟಿಕೆಯಲ್ಲ.

ಮೂರನೆಯದು: ಸೌರಫಲಕ ಇದಕ್ಕಿಂತ ಅಗ್ಗವಲ್ಲವೇ? ಹೌದು, ಅಗ್ಗವೇ, ಸವೆಯುವ ಭಾಗಗಳೂ ಅದರಲ್ಲಿಲ್ಲ. ಆದರೆ ಆಷಾಢದಲ್ಲಿ ಸೂರ್ಯ ಮರೆಯಾದಾಗ, ರಾತ್ರಿ ಕವಿದಾಗ, ಬೀಸುವುದು ಗಾಳಿಯೇ. ಎರಡೂ ಒಂದಕ್ಕೊಂದು ಜೊತೆ, ಶತ್ರುಗಳಲ್ಲ. ಅದಕ್ಕಿಂತ ಮುಖ್ಯವಾದುದು, ಫಲಕವನ್ನು ಹಳ್ಳಿ ಕೊಳ್ಳಬಹುದಷ್ಟೆ. ರೆಕ್ಕೆಯನ್ನು ಹಳ್ಳಿ ಮಾಡಬಲ್ಲದು, ಮುರಿದರೆ ಮತ್ತೆ ಮಾಡಬಲ್ಲದು. ಆಯಸ್ಕಾಂತ, ತಾಮ್ರದ ತಂತಿ, ಬ್ಯಾಟರಿಗಳನ್ನು ಹೊರಗಿನಿಂದಲೇ ತರಬೇಕು, ನಿಜ. ಕೂಲಿಯಾದರೂ ಊರಿನಲ್ಲಿ ಉಳಿಯಲಿ.

ಅಪಾಯವನ್ನು ಮುಚ್ಚಿಡುವುದೂ ದ್ರೋಹವೇ. ಬಿರುಗಾಳಿಯಲ್ಲಿ ಈ ರೆಕ್ಕೆಯ ತುದಿ ಗಂಟೆಗೆ 200 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ತಿರುಗಬಲ್ಲದು. ಮೂರು ರೆಕ್ಕೆಗಳ ತೂಕ ಸಮವಿಲ್ಲದಿದ್ದರೆ ಕಂಬವೇ ನಡುಗುತ್ತದೆ. ಗಾಳಿ ಜೋರಾದಾಗ ತಾನಾಗಿ ಮಗ್ಗುಲಿಗೆ ಹೊರಳಿಕೊಳ್ಳುವ ಬಾಲವಿಲ್ಲದಿದ್ದರೆ ರೆಕ್ಕೆ ಸಿಡಿಯುತ್ತದೆ. ಮನೆಯ ಮಾಡಿಗೆ ಬಿಗಿಯದೆ, ಬಯಲಿನಲ್ಲಿ, ಎಳೆತಂತಿ ಕಟ್ಟಿದ ಎತ್ತರದ ಕಂಬದ ಮೇಲೆ ನಿಲ್ಲಿಸಬೇಕು. ಆದ್ದರಿಂದಲೇ ಇದು ಒಬ್ಬೊಬ್ಬರ ಹುಚ್ಚು ಸಾಹಸವಾಗಿ ಉಳಿಯದೆ, ಕಲಿಸಿ ಕಲಿಯುವ ವಿದ್ಯೆಯಾಗಬೇಕು.

ಕಲಿಸಬೇಕಾದವರು ಯಾರು? ಭಾರತೀಯ ವಿಜ್ಞಾನ ಸಂಸ್ಥೆ 1974ರಲ್ಲಿ ಹಳ್ಳಿಗಳಿಗೆ ತಕ್ಕ ತಂತ್ರಜ್ಞಾನಕ್ಕಾಗಿ 'ಅಸ್ತ್ರ'ವನ್ನು ಆರಂಭಿಸಿತು. ಅದೇ ಸಂಸ್ಥೆಯ ಆವರಣ ಇಂದು ಚಳ್ಳಕೆರೆಯ ಕುದಾಪುರದಲ್ಲಿದೆ, ಅಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿಯೂ ನಡೆಯುತ್ತದೆ. ಆ ಬಾಗಿಲು ಬಡಗಿಗೂ ತೆರೆಯಲಿ. ಕಾವಲಿನ ಹುಲ್ಲು ಕೊಟ್ಟ ಊರುಗಳು ಬೇಡುತ್ತಿರುವುದು ದಾನವನ್ನಲ್ಲ. ನೆಲದ ಋಣದಲ್ಲಿ ಒಂದು ಕಂತನ್ನು. ಯಾವ ಹಳ್ಳಿಯಲ್ಲಿ ಎಷ್ಟು ಎತ್ತರದಲ್ಲಿ ಎಷ್ಟು ಗಾಳಿ ಬೀಸುತ್ತದೆಂಬ ಅಳತೆಯನ್ನು ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಯಲಿ. ಕೈಗಾರಿಕಾ ತರಬೇತಿ ಕೇಂದ್ರಗಳಲ್ಲಿ ರೆಕ್ಕೆ ಕೆತ್ತುವುದೊಂದು ಪಾಠವಾಗಲಿ. ಮಲೆನಾಡಿನ ವಿದ್ಯಾರ್ಥಿಗಳು ರಜೆಯಲ್ಲಿ ಈ ಬಯಲಿಗೆ ಬಂದು ಬಡಗಿಯ ಪಕ್ಕದಲ್ಲಿ ಕೂತು ಅಳತೆ ಹಿಡಿಯಲಿ; ಇಂದು ಜೋಗಿಮಟ್ಟಿಯ ನೆತ್ತಿಗೆ ಬಂದದ್ದು ನಾಳೆ ತಮ್ಮ ಗುಡ್ಡಕ್ಕೂ ಬರುವುದೆಂಬುದನ್ನು ಅವರು ಮರೆಯದಿರಲಿ.

ಇದೇ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ಕೆರೆ ಕಟ್ಟಿಸಿದರೆಂದು ಜನ ಇಂದಿಗೂ ನೆನೆಯುವ ತಿಪ್ಪೇರುದ್ರಸ್ವಾಮಿಗಳು, ದುಡಿದವರಿಗೆ ದುಡಿದಷ್ಟು ಸಲ್ಲಬೇಕೆಂದು ಸಾರಿದವರು. ನೀರಿಗೆ ಸಲ್ಲುವ ಈ ನ್ಯಾಯ ಗಾಳಿಗೂ ಸಲ್ಲಲಿ. ತೂರುವ ಮೊರ ಇನ್ನಾದರೂ ಕಣದ ಒಡೆಯರ ಕೈಗೆ ಬರಲಿ.